ಮೂಟೆಯಿಲ್ಲದ ಮೆಟ್ಟಿಲು

ಈ ಹೊಗೆಗೆ ವಾಸನೆಯೇ ಇಲ್ಲ, ಪರದೆ ತುಂಬ ಕಪ್ಪಗೆ ಸುರುಳಿ ಸುರುಳಿಯಾಗಿ ಏಳುತ್ತದೆ, ಕಣ್ಣು ಉರಿಯುವುದಿಲ್ಲ, ಗಂಟಲು ಕಟ್ಟುವುದಿಲ್ಲ, ಹೊಲಿಗೆ ಕಾರ್ಖಾನೆಯ ಕಸ ಗುಡಿಸುವ ಮುದುಕಿ ಆಟದ ಗುಂಡಿಗಳಿರುವ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ, ಪೊರಕೆ ಹಿಡಿದ ಕೈಗೆ ಇದು ಹಗುರ — ಬೆಂಕಿ ಬಿದ್ರೆ ಹೊರಗೆ ಬರೋದು ಹೇಗೆ ಅಂತ ಈಗ ವಿಡಿಯೋ ಗೇಮಲ್ಲೇ ಕಲಿಸೋದು ದೊಡ್ಡಮ್ಮಾ, ಪಾಸಾದ್ರೆ ಮಾತ್ರ ನಾಳೆ ಕೆಲಸಕ್ಕೆ ಬಿಡ್ತಾರೆ, ಎನ್ನುತ್ತಾಳೆ ಕಲಿಸಲು ಬಂದ ಹುಡುಗಿ, ಎರಡು ಸಲ ಸತ್ತಿದೀರ, ಇನ್ನೊಂದೇ ಸಲ ಉಳಿದಿರೋದು, ಹಿಂದಿನ ಬಾಗಿಲು ಬಿಟ್ಟು ಬೆಂಕಿ ಕಡೆಗೇ ಯಾಕೆ ಓಡ್ತೀರ, ಹಿಂದೆ ಕೂತ ಹೆಂಗಸರು ಕಿಸಕ್ಕೆನ್ನುತ್ತಾರೆ, ದೊಡ್ಡಮ್ಮಂಗೆ ಚಳಿ ಆಗಿರ್ಬೇಕು ಕಣ್ರೇ, ಇರಲಿ, ನಗಲಿ, ಅವರೆಲ್ಲ ಆ ಬೆಂಕಿ ಆದಮೇಲೆ ಸೇರಿದವರು, ಸುಟ್ಟುಹೋದ ಹಳೆಯ ಕಟ್ಟಡ ಕಂಡವರಲ್ಲ.

ಹಿಂದಿನ ಬಾಗಿಲು. ಅವತ್ತು ಮಾಲು ಕೊಳ್ಳುವವರು ನೋಡಲು ಬರುವವರಿದ್ದರು, ಅಂಥ ದಿನ ಬಟ್ಟೆ ಮೂಟೆಗಳನ್ನೆಲ್ಲ ಹಿಂದಿನ ಮೆಟ್ಟಿಲಿಗೆ ಸಾಗಿಸಿ ಮಹಡಿ ಚೊಕ್ಕ ಮಾಡುವುದು ವಾಡಿಕೆ, ಬೇಗ ಒಟ್ಟಮ್ಮ, ಅವ್ರು ಹೋದ್ಮೇಲೆ ತೆಗೆದ್ರಾಯ್ತು, ಸೂಪರ್‌ವೈಸರನ ಕೂಗು, ಮಿಷನ್ನಿನ ಮುಂದೆ ಕೂತ ತಂಗಿ ಕತ್ತು ಹೊರಳಿಸಿ ನಕ್ಕಿದ್ದಳು, ಏನೇ ಅಕ್ಕಾ, ಗೋಡೆ ಕಟ್ತಿದೀಯಾ, ಗಾರೆಯವ್ರ ಕೂಲಿ ಕೇಳು, ಕುತ್ತಿಗೆಯಲ್ಲಿ ಅಳತೆಯ ಹಳದಿ ಟೇಪು, ಬಾಗಿಲು ಮುಚ್ಚಿ ಮೆಟ್ಟಿಲ ಕಡೆಯಿಂದ ಸಂದಿ ಬಿಡದ ಹಾಗೆ ಒಟ್ಟಿದ್ದು ಇದೇ ಕೈ — ಕೆಳಗೆ ಅಂಗಳ ಗುಡಿಸುವಾಗ ಮಹಡಿಯಿಂದ ಬೆಂಕಿ ಬೆಂಕಿ ಎಂಬ ಚೀರಾಟ ಕೇಳಿ ಅದೇ ಮೆಟ್ಟಿಲು ಹತ್ತಿ ಓಡಿದ್ದು, ಮೂಟೆ ಎಳೆದದ್ದು, ಒಂದು ಎಳೆದರೆ ಮೇಲಿನ ಎರಡು ಜಾರಿ ಬೀಳುತ್ತವೆ, ಬಾಗಿಲು ಎರಡು ಬೆರಳಷ್ಟು ತೆರೆಯುತ್ತದೆ, ಅಕ್ಕಾ ಎಳಿಯೇ, ಆ ಸಂದಿಯಲ್ಲಿ ಹಳದಿ ಟೇಪು. ಪೊಲೀಸರು ಬಂದು ಕರೆಂಟಿನ ತಂತಿಯಿಂದ ಆಯಿತೆಂದು ಬರೆದುಕೊಂಡು ಹೋದರು, ಮೂಟೆ ಒಟ್ಟಿದ್ದು ಯಾರೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದಳು, ಹೇಳುತ್ತಿದ್ದಳೇ.

ತಳ್ಳಿ ದೊಡ್ಡಮ್ಮಾ, ಟೈಮ್ ಹೋಗ್ತಿದೆ, ಹೆಬ್ಬೆರಳು ಒತ್ತುತ್ತದೆ, ಬಾಗಿಲು ಅಷ್ಟಗಲ ತೆರೆದುಕೊಳ್ಳುತ್ತದೆ, ಮೆಟ್ಟಿಲು ಖಾಲಿ, ತೊಳೆದಿಟ್ಟ ಹಾಗೆ, ಪರದೆಯ ಬೊಂಬೆಗಳು ಒಂದೊಂದಾಗಿ ಇಳಿದು ಬಯಲಿಗೆ ಹೋಗುತ್ತವೆ, ಯಾರಿಗೂ ಏನೂ ಆಗಲಿಲ್ಲ, ಚಪ್ಪಾಳೆ, ದೊಡ್ಡಮ್ಮ ಪಾಸು, ಇಷ್ಟಕ್ಕೆ ಇಷ್ಟು ಹೊತ್ತಾ, ಹೌದು ಇಷ್ಟೇ, ಒಂದು ಹೆಬ್ಬೆರಳು, ಇಷ್ಟು ಸಲೀಸಾಗಿ ತೆರೆಯುವ ಬಾಗಿಲು ಅದು, ಯಾರೂ ಏನೂ ಒಟ್ಟದಿದ್ದರೆ — ಆಟ ಮುಗೀತು ದೊಡ್ಡಮ್ಮಾ, ಕೈ ಬಿಡಿ, ಬಿಡಿ ಅಂದೆ, ಆದರೆ ಬೆರಳು ಒತ್ತುತ್ತಲೇ ಇದೆ, ಎಳೆಯುತ್ತಲೇ ಇದೆ, ಎರಡು ಬೆರಳಿನ ಸಂದಿ, ಸಂದಿಯಲ್ಲಿ ಹಳದಿ ಟೇಪು, ಮೆಲ್ಲಗೆ ಒಳಕ್ಕೆ ಜಾರುವ ಹಳದಿ ಟೇಪು