ಶೇಖವ್ವನ ಮಲ್ಲಿಗೆಗೆ ಬಚ್ಚಲ ನೀರು

ನವನಗರದಲ್ಲಿ ಶಿವಪುತ್ರ ಸಾವಕಾರರ ಮನೆ ಮುಂದಿನ ಲಾನಿಗೆ ದಿನಾ ಐವತ್ತು ಕೊಡ ನೀರು ಬೇಕಿತ್ತು. ನಳ ಬರುತ್ತಿದ್ದದ್ದು ಐದು ದಿನಕ್ಕೊಮ್ಮೆ, ಉಳಿದ ದಿನ ಟ್ಯಾಂಕರ್. ಆ ನೀರನ್ನೆಲ್ಲ ಹುಲ್ಲಿಗೆ ಬಿಡುವ ಕೆಲಸ ನನ್ನದು. ದನ ತಿನ್ನದ, ಮಕ್ಕಳು ಕಾಲಿಡದ ಹುಲ್ಲು ಬೆಳೆಸುವುದು ಹುಚ್ಚುತನ ಅಂತ ತಿಳಿಯಲು ಏಳನೇ ಇಯತ್ತೆಗಿಂತ ಹೆಚ್ಚು ಸಾಲಿ ಕಲಿಯಬೇಕಿಲ್ಲ. ಪೈಪು ಹಿಡಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ.

ಹಿತ್ತಲಲ್ಲಿ ಸಾವಕಾರರ ತಾಯಿ ಶೇಖವ್ವನ ಮಲ್ಲಿಗೆ ಬಳ್ಳಿ ಒಣಗುತ್ತಿತ್ತು. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ಮಗ್ಗ, ಕಪಾಟು, ಹಂಡೆ ಎಲ್ಲವನ್ನೂ ಮಗನಿಗೆ ಬಿಟ್ಟು, ಈ ಬಳ್ಳಿಯ ಬೇರನ್ನಷ್ಟೇ ಹಸಿ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಈಗ ಅದಕ್ಕೆ ಎರಡು ಕೊಡ ಕೇಳಿದರೆ, ಲಾನಿಗೇ ಸಾಲುತ್ತಿಲ್ಲ ಅನ್ನುತ್ತಿದ್ದರು ಸಾವಕಾರರು.

ಸೀರೆ ವ್ಯಾಪಾರಕ್ಕೆ ಅವರು ಎರಡು ದಿನ ಇಳಕಲ್ಲಿಗೆ ಹೋದರು. ಅದೇ ಹೊತ್ತಿಗೆ ನಮ್ಮ ಸೋದರಮಾವ ಗುರಲಿಂಗಪ್ಪ ಕುರಿ ಹೊಡೆದುಕೊಂಡು ಊರ ಹೊರಗೆ ಬಂದಿದ್ದ. ನಮ್ಮವರ ಕುರಿಯನ್ನು ರೈತರು ಕರೆದು ಹೊಲದಲ್ಲಿ ಒತ್ತಟ್ಟಿಗೆ ನಿಲ್ಲಿಸಿ ತರುಬಿಸುತ್ತಾರೆ. ಕುರಿ ನಿಂತ ನೆಲ ಗೊಬ್ಬರ ತಿಂದು ಮೆತ್ತಗಾಗುತ್ತದೆ, ನೀರು ಹಿಡಿಯುತ್ತದೆ. ಲಾನಿನಲ್ಲೂ ತರುಬಿಸಲೇ ಅಂತ ಶೇಖವ್ವನನ್ನು ಕೇಳಿದೆ.

"ಹುಲ್ಲು ಇರೂದು ಮತ್ಯಾರಿಗೆ, ಕುರಿಗಲ್ಲೇನು?" ಅಂದು ಗೇಟಿನ ಕೀಲಿ ಕೈಗಿಟ್ಟಳು.

ನಲವತ್ತು ಕುರಿ. ಮಧ್ಯಾಹ್ನದೊಳಗೆ ಲಾನು ಬೋಳಾಯಿತು. ಓಣಿಯ ಮಂದಿ ಮಾಳಿಗೆ ಹತ್ತಿ ನೋಡಿದರು. ನಾನು ಮಾವನ ಜೊತೆ ಚಹಾ ಕುಡಿಯುತ್ತ ಮೆರೆಯುತ್ತಿದ್ದೆ. ಪ್ರತಿ ಹಿಂಡಿನಲ್ಲೂ ಒಂದೆರಡು ಆಡು ಇರುತ್ತವೆ ಅನ್ನುವುದನ್ನು, ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದ ನಾನು ಮರೆತಿದ್ದೆ. ಹಿತ್ತಲಿಗೆ ಓಡುವಷ್ಟರಲ್ಲಿ ಬಳ್ಳಿ ಇದ್ದಲ್ಲಿ ಗೇಣುದ್ದದ ಬೊಡ್ಡೆ ಉಳಿದಿತ್ತು.

ಶೇಖವ್ವ ಬೈಯಲಿಲ್ಲ. ಬೊಡ್ಡೆಯ ಪಕ್ಕ ನೆಲಕ್ಕೆ ಕೂತಳು. ಬೈದಿದ್ದರೆ ತಿರುಗಿ ಏನಾದರೂ ಅಂದುಬಿಡುತ್ತಿದ್ದೆ, ಅದು ನನಗೆ ಬರುತ್ತದೆ. ಇದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ.

ಮಾವ ಉಗುರಿನಿಂದ ತೊಗಟೆ ಕೆರೆದು ನೋಡಿದ. "ಒಳಗ ಹಸರ ಐತಿ. ಜೀವ ಹೋಗಿಲ್ಲ."

ಬುಡ ಅಗೆದು ಕುರಿ ಹಿಕ್ಕೆ ಹಾಕಿಸಿದ. ಕಂಬಳಿಗೆ ಬಾರದ ಒರಟು ಉಣ್ಣೆ ಅವನ ಗಂಟಿನಲ್ಲಿತ್ತು. ಅದನ್ನು ತೋಯಿಸಿ ಬೊಡ್ಡೆಯ ಸುತ್ತ ದಪ್ಪಗೆ ಹಾಸಿದ. ಒಮ್ಮೆ ನೆನೆದರೆ ನಾಲ್ಕು ದಿನ ತಂಪು ಬಿಡುವುದಿಲ್ಲವಂತೆ. ಗಟಾರಕ್ಕೆ ಹೋಗುತ್ತಿದ್ದ ಬಚ್ಚಲ ನೀರನ್ನು ನಾನು ಕಾಲುವೆ ತೋಡಿ ತಿರುಗಿಸಿದೆ. ನಡುವೆ ಒಂದು ಗುಂಡಿಗೆ ಹರಳು, ಉಸುಕು ತುಂಬಿದೆ, ಸಾಬೂನಿನ ನೊರೆ ಅಲ್ಲೇ ನಿಲ್ಲಲಿ ಅಂತ.

ಮೂರನೇ ದಿನ ಸಾವಕಾರರು ಬಂದರು. ಹುಬ್ಬಳ್ಳಿಯಿಂದ ಲಾರಿ ಮೇಲೆ ತರಿಸಿದ ಹುಲ್ಲು ಅಂತ ಕೂಗಾಡಿದರು, ಈಗಿಂದೀಗ ಹೊರಗೆ ನಡಿ ಅಂದರು. ನಾನೂ ಬಾಯಿಗೆ ಬಂದದ್ದು ಅಂದೆ.

"ಇವನ್ನ ಕೆಲಸಾ ಬಿಡಿಸಿದ್ರ ಆ ಬೊಡ್ಡಿಗೆ ನೀರು ನೀ ಹಾಕಬೇಕಾಕ್ಕೈತಿ," ಅಂದಳು ಶೇಖವ್ವ. "ಹಾಕ್ತಿಯೇನು?"

ಅವರು ಆ ಬೇಸಿಗೆಯಲ್ಲಿ ಮೊದಲ ಸಲ ಹಿತ್ತಲಿಗೆ ಬಂದರು. ಬೊಡ್ಡೆ ನೋಡಿದರು, ತಾಯಿಯ ಮುಖ ನೋಡಿದರು. ಲಾನಿನ ಮಾತು ಅಲ್ಲಿಗೆ ನಿಂತಿತು.

ಹನ್ನೆರಡನೇ ದಿನ ಜೋಳದ ಕಾಳಿನಷ್ಟು ಎರಡು ಚಿಗುರು ಬಂದವು. ಶೇಖವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಸಾವಕಾರರು ಕುಕ್ಕರಗಾಲಲ್ಲಿ ಕೂತು ಭಾಳ ಹೊತ್ತು ನೋಡಿದರು. ಮರುದಿನದಿಂದ ಎರಡು ಹೊತ್ತು ಜಳಕ ಶುರು ಮಾಡಿದರು. ಒಂದೊಂದು ದಿನ ಮೂರು. ಬಚ್ಚಲಿಂದಲೇ, ಬಳ್ಳಿಗೆ ಮುಟ್ಟಿತೇನೋ ಅಂತ ಕೇಳುವರು. ಟ್ಯಾಂಕರ್ ನೀರು ಮತ್ತೆ ಮಧ್ಯಾಹ್ನಕ್ಕೇ ಖಾಲಿ. ನನ್ನ ತಲೆ ಮತ್ತೆ ಕಾಯಿತು. ಹೋಗಿ ಬಚ್ಚಲ ಬಾಗಿಲು ಬಡಿದೆ.

"ಸಾವಕಾರ್ರ, ದಿನಕ್ಕ ಒಂದ ಜಳಕಾ ಸಾಕ್ರಿ. ಬಳ್ಳಿ ಕೊಳೀತೈತಿ."

ಒಳಗೆ ನೀರಿನ ಸಪ್ಪಳ ನಿಂತಿತು.

"ಮೈತುಂಬ ಸಾಬೂನು ಹಚ್ಚೇನಲೋ. ಈಗೇನು ಮಾಡ್ಲಿ?"

ಶೇಖವ್ವ ನನ್ನ ಕೈಗೆ ಒಂದು ಚರಿಗೆ ನೀರು ಕೊಟ್ಟಳು. ಅದೂ ಅರ್ಧ.