ಹನ್ನೊಂದು ಗಂಟೆಯ ರಕ್ತ

“ಮಂಗಳವಾರ ಹನ್ನೊಂದು ಹತ್ತಕ್ಕೆ ಮುನ್ನೂರ ಹದಿನೆಂಟು. ಅಂಥಾದ್ದು ಏನ್ ತಿಂದಿದ್ರಿ?”

ತಪಾಸಣೆಯ ದಿನ ಡಿಪೋದ ಡಾಕ್ಟರಮ್ಮ ಹೀಗೆ ಕೇಳಿದಾಗ ಡ್ರೈವರ್‌ಗೆ ಮೊದಲು ನಗು ಬಂತು. ಬೇರೆ ಯಾರದೋ ಸಕ್ಕರೆ ಯಂತ್ರ ಕೈಗೆತ್ತಿಕೊಂಡಿದ್ದಾರೆ ಎಂದುಕೊಂಡು ಬಗ್ಗಿ ನೋಡಿದ. ತನ್ನದೇ. ಬಿರುಕು ಬಿಟ್ಟ ಮೂಲೆಗೆ ತಾನೇ ಅಂಟಿಸಿದ್ದ ಟೇಪು ಹಾಗೇ ಇತ್ತು.

“ಹನ್ನೊಂದು ಹತ್ತಕ್ಕೆ ನಾನು ಸೇತುವೆ ಮೇಲಿದ್ದೆ ಮೇಡಂ. ಬಸ್ಸಲ್ಲಿ ಕಾಲಿಡಕ್ಕೆ ಜಾಗ ಇರ್ಲಿಲ್ಲ.”

ಡಾಕ್ಟರಮ್ಮ ಗುಂಡಿ ಒತ್ತುತ್ತ ಹೋದರು. ಬೆಳಗ್ಗೆ ಆರಕ್ಕೆ ನೂರ ಇಪ್ಪತ್ತನಾಲ್ಕು, ನೂರ ಮೂವತ್ತೊಂದು, ನೂರ ಹತ್ತೊಂಬತ್ತು. ಅದೆಲ್ಲ ಅವನಿಗೆ ಗೊತ್ತಿದ್ದದ್ದೇ. ಡ್ಯೂಟಿಗೆ ಹೊರಡುವ ಮುಂಚೆ ಬೆರಳು ಚುಚ್ಚಿ, ಬಂದ ಅಂಕಿ ನೋಡಿ, ಯಂತ್ರವನ್ನು ಫ್ರಿಜ್ಜಿನ ಮೇಲಿಟ್ಟು ಹೋಗುತ್ತಿದ್ದ. ಹಳೆಯದನ್ನು ಒತ್ತಿ ಒತ್ತಿ ಕೆದಕುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಆ ಒಳ್ಳೆಯ ಅಂಕಿಗಳ ನಡುನಡುವೆ, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ, ಹನ್ನೊಂದು ಗಂಟೆಯವು ಕೂತಿದ್ದವು. ಗುರುವಾರ ಇನ್ನೂರ ತೊಂಬತ್ತಾರು. ಶನಿವಾರ ಮತ್ತೆ ಮುನ್ನೂರ ನಾಲ್ಕು.

“ಗಡಿಯಾರ ತಪ್ಪಿರ್ಬೇಕು.”

ಡಾಕ್ಟರಮ್ಮ ಯಂತ್ರವನ್ನು ಗೋಡೆಯ ಗಡಿಯಾರದ ನೇರಕ್ಕೆ ಹಿಡಿದರು. ಒಂದು ನಿಮಿಷವೂ ಆಚೀಚೆ ಇರಲಿಲ್ಲ.

“ಮನೇಲಿ ಬೇರೆ ಯಾರಿಗಾದ್ರೂ ಸಕ್ಕರೆ ಇದೆಯಾ?”

“ನನ್ನ ಹೆಂಡ್ತಿ ಒಬ್ಳೇ ಇರೋದು. ಗುಂಡುಕಲ್ಲಿನ ಹಾಗಿದ್ದಾಳೆ. ನನಗೇ ದಿನಾ ಪಥ್ಯದ ಪಾಠ ಹೇಳ್ತಾಳೆ.”

“ಮತ್ತೆ ದೆವ್ವ ಬಂದು ಚುಚ್ಕೊಂಡಿತಾ? ನೀವೇ ಚುಚ್ಕೊಂಡು ಮರ್ತಿರ್ಬಹುದು. ನೆನಪು ಮಾಡ್ಕೊಳಿ.”

ಡಿಪೋದ ನಿಯಮ ಎಲ್ಲ ಡ್ರೈವರ್‌ಗಳಿಗೂ ಗೊತ್ತು: ಮುನ್ನೂರು ದಾಟಿದರೆ ಸ್ಟೀರಿಂಗ್ ಇಲ್ಲ, ಗೇಟಿನ ಹತ್ತಿರ ಕಾವಲಿನ ಕುರ್ಚಿ. ಮರೆವಿದ್ದರೂ ಅದೇ ಕುರ್ಚಿ. ನಾನೇ ನೋಡಿಕೊಂಡೆ ಎಂದರೆ ಸಕ್ಕರೆ, ನೋಡಿಕೊಂಡಿಲ್ಲ ಎಂದರೆ ಮರೆವು. ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥ ಓಣಿಯಲ್ಲಿ ಬಸ್ಸು ತಿರುಗಿಸಿದ್ದವನಿಗೆ ಇಲ್ಲಿ ತಿರುಗಿಸಲು ಜಾಗವೇ ಕಾಣಲಿಲ್ಲ.

“ಇವತ್ತು ರಜಾ ಹಾಕಿ ಹೋಗಿ. ನಾಳೆ ಬಂದು ನಿಜ ಹೇಳಿ,” ಎಂದರು ಡಾಕ್ಟರಮ್ಮ.

ಹೊರಗೆ ಅವನ ಬಸ್ಸಿನ ಕಂಡಕ್ಟರ್ ಕಾಯುತ್ತಿದ್ದ. ಎಲ್ಲ ಕೇಳಿಸಿಕೊಂಡು, “ನಿನ್ನ ಯಂತ್ರಕ್ಕೇ ಸಕ್ಕರೆ ಕಾಯಿಲೆ ಬಂದಿದೆ ಬಿಡು ಗುರುವೇ,” ಎಂದು ನಕ್ಕ. ನಕ್ಕವನು ಸುಮ್ಮನಿರಬೇಕಲ್ಲ? “ಆದ್ರೂ ಹೋದ ವಾರ ಪೋಸ್ಟ್ ಆಫೀಸ್ ತಿರುವು ಬಿಟ್ಟು ಸೀದಾ ಹೋಗ್ಬಿಟ್ಟಿದ್ದೆ, ಅಲ್ವಾ?” ಎಂದೂ ಸೇರಿಸಿದ.

ತಮಾಷೆಗೆ ಅಂದ ಮಾತು ಅದು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಪ್ರಯಾಣಿಕರ ಜೊತೆ ಕೂತಿದ್ದವನನ್ನು ಅದು ಬಿಡಲೇ ಇಲ್ಲ. ಪ್ರತಿ ನಿಲ್ದಾಣಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಂಗಳವಾರ ಸೇತುವೆ ಮೇಲೆ ಇದ್ದೆನೋ, ಅದು ಬುಧವಾರವೋ? ಸೇತುವೆ ನೆನಪಾಗುತ್ತಿತ್ತು, ಹಾರ್ನು ನೆನಪಾಗುತ್ತಿತ್ತು. ಆದರೆ ಎಲ್ಲ ದಿನವೂ ಅದೇ ಸೇತುವೆ, ಅದೇ ಹಾರ್ನು. ನಡುವೆ ಮನೆಗೆ ಬಂದು ಬೆರಳು ಚುಚ್ಚಿಕೊಂಡು ಹೋಗಿರಲು ಸಾಧ್ಯವೇ? ಸಾಧ್ಯವಿಲ್ಲ. ಸಾಧ್ಯವಿಲ್ಲದ್ದನ್ನೇ ಮಾಡಿ ಮರೆತಿದ್ದರೆ? ಯೋಚಿಸಿದಷ್ಟೂ ದಾರ ಗಂಟಾಗುತ್ತ ಹೋಯಿತು.

ಹೆಂಡತಿ ಕಿಟಕಿಯ ಬೆಳಕಿಗೆ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಅರ್ಧ ಊರಿನ ಗುಂಡಿ ಅವಳ ಕೈಯಲ್ಲೇ ಕೂರುತ್ತಿದ್ದುದು.

“ಏನ್ರೀ, ಇಷ್ಟು ಬೇಗ? ಬಸ್ಸು ಕೆಟ್ಟೋಯ್ತಾ?”

“ಬಸ್ಸಲ್ಲ ಕಣೇ, ನನ್ನ ತಲೆ.” ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದ. “ಹನ್ನೊಂದು ಗಂಟೆಗೆ ಮುನ್ನೂರ ಹದಿನೆಂಟಂತೆ. ಒಂದ್ಸಲ ಅಲ್ಲ, ಮೂರು ಸಲ. ನಾನು ಯಾವಾಗ ನೋಡ್ಕೊಂಡ್ನೋ ನಂಗೇ ಗೊತ್ತಿಲ್ಲ. ನಾಳೆ ಹೋಗಿ, ಮರೆವು ಶುರುವಾಗಿದೆ, ಗೇಟಿಗೇ ಹಾಕಿ ಅಂತ ಬರ್ಕೊಟ್ಟು ಬರ್ತೀನಿ. ಐವತ್ತು ಜನರನ್ನ ಕೂರಿಸ್ಕೊಂಡು ಹೋಗೋನು...”

ಸೂಜಿ ಬಟ್ಟೆಯಲ್ಲೇ ನಿಂತಿತು.

“ಬರ್ಕೊಡ್ಬೇಡಿ,” ಎಂದಳು. ಅಂಗಿ ಪಕ್ಕಕ್ಕಿಟ್ಟು, “ಆಫ್ ಮಾಡಿದ್ರೆ ಹೋಗ್ಬಿಡುತ್ತೆ ಅಂದ್ಕೊಂಡಿದ್ದೆ. ಅದು ನೆನಪಿಟ್ಕೊಳ್ಳುತ್ತೆ ಅಂತ ಯಾರಿಗೆ ಗೊತ್ತಿತ್ತು?” ಎಂದಳು.

ಅವನಿಗೆ ಥಟ್ಟನೆ ಅರ್ಥವಾಗಲಿಲ್ಲ. ಯಾವುದು ಹೋಗಬೇಕಿತ್ತು, ಯಾವುದು ನೆನಪಿಟ್ಟುಕೊಂಡಿತು? ಅವಳ ಮುಖವನ್ನೇ ನೋಡಿದ.

“ರಾತ್ರಿಯೆಲ್ಲ ಬಾಯಾರಿಕೆ ಆಗ್ತಿತ್ತು. ಒಂದಿನ ಸುಮ್ನೆ ನೋಡ್ಕೊಂಡೆ. ಯಂತ್ರ ಕೆಟ್ಟಿದೆ ಅಂದ್ಕೊಂಡೆ. ಇನ್ನೆರಡು ದಿನ ಬಿಟ್ಟು ಮತ್ತೆ ನೋಡ್ಕೊಂಡೆ.”

“ನನ್ನ ಹತ್ರ ಹೇಳೋಕೇನಾಗಿತ್ತು?”

“ಇಬ್ರಿಗೂ ಬಂದ್ರೆ ಮನೇಲಿ ಬೈಯೋರು ಯಾರ್ರೀ?” ಎಂದು ನಗಲು ನೋಡಿದಳು.

ಅವನಿಗೆ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ತನ್ನ ತಲೆ ನೆಟ್ಟಗಿದೆ, ಸ್ಟೀರಿಂಗ್ ಉಳಿಯಿತು. ಮರುಕ್ಷಣವೇ ಹಾಗೆ ಹಗುರವಾಗಿದ್ದಕ್ಕೆ ನಾಚಿಕೆಯಾಯಿತು. ಸಂತೋಷಪಡಬೇಕೋ, ಹೆದರಬೇಕೋ, ಇವಳನ್ನು ಬೈಯಬೇಕೋ ತಿಳಿಯದೆ ಎದ್ದು ನಿಂತ, ಮತ್ತೆ ಕೂತ.

“ನಾಳೆ ನನ್ನ ಜೊತೆ ಡಿಪೋಗೆ ಬಾ. ಡಾಕ್ಟರಮ್ಮನ ಹತ್ರ ಹೇಳೋಣ.”

“ನಿಮ್ಮ ಸ್ಟೀರಿಂಗ್‌ಗೋಸ್ಕರಾನಾ?”

ಅವನು ಚೀಲದಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟ. “ಇವತ್ತು ನೋಡ್ಕೊಂಡ್ಯಾ?” ಎಂದ.

“ನೀವು ತಗೊಂಡು ಹೋಗಿದ್ರಲ್ಲ.”

ಅವಳು ಎಡಗೈ ಚಾಚಿದಳು. ತೋರುಬೆರಳ ತುದಿಯಲ್ಲಿ, ಸರಿಯಾಗಿ ನಟ್ಟನಡುವೆ, ಕಪ್ಪು ಚುಕ್ಕೆಗಳು ಒತ್ತೊತ್ತಾಗಿದ್ದವು. ಬಟ್ಟೆ ಹಿಡಿಯುವ ಬೆರಳು ಅದು. ಅದರಲ್ಲೇ ದಿನವಿಡೀ ಒತ್ತಿ ಹಿಡಿಯುತ್ತಿದ್ದಳು.

“ನಡುವೆ ಯಾಕೆ ಚುಚ್ಕೊಂಡೆ? ಅಲ್ಲಿ ನೋವು ಜಾಸ್ತಿ ಕಣೇ. ಮಗ್ಗುಲಲ್ಲಿ ಚುಚ್ಬೇಕು.”

“ನಂಗೇನ್ ಗೊತ್ತು. ಯಾರ್ ಹೇಳ್ಕೊಟ್ಟಿದ್ರು?”

ಅವನು ಅವಳ ಉಂಗುರದ ಬೆರಳನ್ನು ತೆಗೆದುಕೊಂಡು, ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ಚುಚ್ಚದೆ ಹಾಗೇ ಹಿಡಿದುಕೊಂಡು ಕೂತ.