ಅಕ್ಕನನ್ನು ಕರೆತರುವಷ್ಟು ಹೊತ್ತು

ಟೀ ಕುಡಿಯಲು ಹೋಟೆಲಿಗೆ ಬಂದವರೆಲ್ಲ ಎದುರುಬದುರು ಕೂರುತ್ತಾರೆ. ನಾವು ಮೂವರು ಮಾತ್ರ ಸಾಲಾಗಿ ಕೂರುತ್ತೇವೆ, ಕಿಟಕಿಗೆ ಮುಖ ಮಾಡಿ, ಉಳಿದ ಜನರಿಗೆಲ್ಲ ಬೆನ್ನು ಹಾಕಿ. ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಹದಿನಾರು ವರ್ಷ ಹಾಗೆ ಕೂತು ಬಂದ ಅಭ್ಯಾಸ. ಎದುರಿಗೆ ಕೂರಿಸಿದರೆ ಗುಬ್ಬಿಗೆ ಮಾತೇ ಹೊರಡುವುದಿಲ್ಲ. ಪಕ್ಕದಲ್ಲಿ ಕೂರಿಸಿದರೆ ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಗುಬ್ಬಿ ನನ್ನ ಪಕ್ಕದ ಬೋರ್ಡಿನವಳು. ದೊಡ್ಡಕ್ಕ ನಮ್ಮ ಸೂಪರ್‌ವೈಸರ್. ಆಗ ನಮ್ಮ ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸದ ಹಾಗೆ ಓಡಾಡುತ್ತಿದ್ದವರು ಈಗ ನಮ್ಮ ನಡುವೆ ಕೂತು ಕೇಕ್ ತಿನ್ನುತ್ತಾರೆ. ಆದರೂ ಅವರು ಕೆಮ್ಮಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನನಗೆ ಇವರಿಟ್ಟ ಹೆಸರು ಮೂರು ನಿಮಿಷ. ಟ್ರಂಕ್ ಕಾಲ್ ಅಂದರೆ ಮೂರು ನಿಮಿಷ ಎಂದಿದ್ದ ಕಾಲ ಅದು. ಉಳಿದವರು ಪಾಪ ಅಂತ ಇನ್ನರ್ಧ ನಿಮಿಷ ಬಿಡುತ್ತಿದ್ದರು, ನಾನು ಗಡಿಯಾರ ನೋಡಿ ವೈರು ಕೀಳುತ್ತಿದ್ದೆ. ಗಂಡ ಹೆಂಡಿರ ಜಗಳಗಳನ್ನೂ ಅರ್ಧಕ್ಕೆ ಕಿತ್ತಿದ್ದೇನೆ. ಅದರಿಂದ ಎಷ್ಟು ಸಂಸಾರ ಉಳಿದವೋ, ಆ ಪುಣ್ಯ ಮಾತ್ರ ಯಾರೂ ನನ್ನ ಹೆಸರಿಗೆ ಬರೆಯಲಿಲ್ಲ.

ವರ್ಷದ ಕೊನೆಯ ಶನಿವಾರ ಮಧ್ಯಾಹ್ನ ಸ್ಟೇಷನ್ ಎದುರಿನ ಈ ಹೋಟೆಲಿಗೆ ಬರುವುದು ನಮ್ಮ ಪದ್ಧತಿ. ಆ ವಾರ ಮೇಲಿನ ಅಂತಸ್ತಿನಲ್ಲಿ ಕಾಗದದ ನಕ್ಷತ್ರ, ಬಣ್ಣದ ದೀಪ ಕಟ್ಟಿರುತ್ತಾರೆ. ಟೀ ಜೊತೆಗೆ ಮೂರು ತಟ್ಟೆ ಒಂದರ ಮೇಲೊಂದು ಕೂರಿಸಿದ ಸ್ಟ್ಯಾಂಡು ಬರುತ್ತದೆ: ಕೆಳಗೆ ಸ್ಯಾಂಡ್‌ವಿಚ್, ನಡುವೆ ಬೆಚ್ಚಗಿನ ಬನ್ನು, ಮೇಲೆ ಬೆರಳುದ್ದದ ಕೇಕುಗಳು. ಗುಬ್ಬಿ ಪ್ರತಿವರ್ಷ ಮೇಲಿನಿಂದ ಶುರು ಮಾಡುತ್ತಾಳೆ, ದೊಡ್ಡಕ್ಕ ಪ್ರತಿವರ್ಷ ಅವಳನ್ನು ಗದರುತ್ತಾರೆ. ಇದು ಇಪ್ಪತ್ತನೆಯ ವರ್ಷ.

"ಬರೋ ವರ್ಷ ಈ ಹೋಟೆಲ್ ಬೇಡಮ್ಮ," ಅಂದರು ದೊಡ್ಡಕ್ಕ, ಕೋಲನ್ನು ಕುರ್ಚಿಗೆ ಒರಗಿಸುತ್ತ. "ಇಪ್ಪತ್ತೆರಡು ಮೆಟ್ಟಿಲು. ನನ್ನ ಮಂಡಿ ಒಂದೊಂದನ್ನೂ ಎಣಿಸತ್ತೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದಳು ಗುಬ್ಬಿ. "ಕೇಕೂ ಮೊದಲಿನ ಹಾಗಿಲ್ಲ. ಇವಳೊಬ್ಬಳು ಹಟ ಹಿಡಿದು ಇಲ್ಲಿಗೇ ಎಳ್ಕೊಂಡು ಬರ್ತಾಳೆ. ಏನೇ, ಇಲ್ಲೇನು ಹೂತಿಟ್ಟಿದೀಯ?"

"ಟೀ ಚೆನ್ನಾಗಿರತ್ತೆ," ಅಂದೆ.

ಟೀ ಚೆನ್ನಾಗಿರುವುದಿಲ್ಲ. ಇಪ್ಪತ್ತು ವರ್ಷದಿಂದಲೂ ಚೆನ್ನಾಗಿಲ್ಲ. ನಾನು ಇಲ್ಲಿಗೆ ಬರುವುದು ಒಂದು ದನಿ ಕೇಳುತ್ತದೇನೋ ಎಂಬ ಆಸೆಗೆ. ಇವರಿಬ್ಬರಿಗೂ ಅದನ್ನು ಹೇಳಿಲ್ಲ. ಒಬ್ಬಳೇ ಬರುವ ಧೈರ್ಯ ನನಗೆಂದೂ ಇರಲಿಲ್ಲ, ಹಾಗಾಗಿ ಇವತ್ತು ಕೇಳದಿದ್ದರೆ ಇನ್ನು ಆ ದನಿ ನನ್ನ ಪಾಲಿಗಿಲ್ಲ.

ಆ ದನಿಯವರು ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಸ್ಟೇಷನ್ನಿನ ಬೂತಿನಿಂದ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ದೂರದ ಊರು, ನಂಬರ್ ನಾನೂರ ಎಪ್ಪತ್ತೆರಡು. ಅದೊಂದು ಔಷಧಿ ಅಂಗಡಿ. ಮಾತಾಡಬೇಕಾದದ್ದು ತಮ್ಮ ಅಕ್ಕನ ಹತ್ತಿರ, ಅಕ್ಕನ ಮನೆಯಲ್ಲಿ ಫೋನಿಲ್ಲ. ಅಂಗಡಿಯವರು ರಿಸೀವರನ್ನು ಮೇಜಿನ ಮೇಲಿಟ್ಟು ಅಕ್ಕನನ್ನು ಕರೆಯಲು ಹೋಗುತ್ತಿದ್ದರು. ಅಕ್ಕ ಬಂದು ಹಲೋ ಅನ್ನುವವರೆಗೆ ಮೂರು ನಿಮಿಷದ ಎಣಿಕೆ ಶುರುವಾಗುವಂತಿಲ್ಲ, ಅಲ್ಲಿಯವರೆಗೆ ಆಪರೇಟರು ಲೈನಿನಲ್ಲೇ ಇರಬೇಕು. ಇದು ನಿಯಮ. ಉಳಿದ ನಿಯಮಗಳನ್ನೆಲ್ಲ ನಾನು ಹೆದರಿ ಪಾಲಿಸಿದೆ, ಇದೊಂದನ್ನು ಆಸೆಪಟ್ಟು ಪಾಲಿಸಿದೆ.

"ಕ್ಷಮಿಸಿ, ನಿಮ್ಮನ್ನ ಕಾಯಿಸ್ತಿದೀನಿ," ಅಂದಿದ್ದರು ಮೊದಲ ವಾರ. "ಅವರು ಈಗ ತಾನೇ ಅಂಗಡಿ ಮೆಟ್ಟಿಲು ಇಳಿದಿರ್ತಾರೆ."

ನಾನು ಗಡಿಯಾರದ ಮೇಲೆ ಕಣ್ಣಿಟ್ಟು ಕೂತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಈಗ ನಾಯಿ ಇರೋ ಮನೆ. ಅಲ್ಲಿ ಸ್ವಲ್ಪ ಓಡ್ತಾರೆ." ಆಮೇಲೆ, "ಈಗ ಟೈಲರ್ ಅಂಗಡಿ. ಅಲ್ಲಿ ನಿಂತು ಎರಡು ಮಾತಾಡದೆ ಮುಂದೆ ಹೋಗೋರಲ್ಲ." ಕೊನೆಗೆ, "ಈಗ ಅಕ್ಕ ಕೈ ಒರೆಸ್ಕೊಳ್ತಿದಾಳೆ." ಅಷ್ಟರಲ್ಲಿ ಸರಿಯಾಗಿ ಆ ಕಡೆಯಿಂದ ಹಲೋ ಬಂತು. ನನಗೆ ನಗು ತಡೆಯಲಾಗಲಿಲ್ಲ, ಅದು ಅವರಿಗೆ ಕೇಳಿಸಿತು.

ಹಾಗೆ ಆರು ವರ್ಷ. ಒಂದೊಂದು ಶುಕ್ರವಾರ ನಾಲ್ಕೈದು ನಿಮಿಷ. ಆಪರೇಟರಿಗೆ ಹೆಸರಿಲ್ಲ, ನಂಬರು ಮಾತ್ರ. ನಾನು ಹದಿನೇಳು. ಅವರು "ಹದಿನೇಳು ಅವರೇ" ಎಂದು ಕರೆಯುತ್ತಿದ್ದರು. ನನ್ನ ಅಪ್ಪನ ಕೆಮ್ಮು, ತಮ್ಮನ ಪರೀಕ್ಷೆ ಅವರಿಗೆ ಗೊತ್ತಿತ್ತು. ಅವರದು ಎಲ್ಲೋ ಕನ್ನಡಕದ ಗಾಜು ಉಜ್ಜುವ ಕೆಲಸ, ದಿನವಿಡೀ ಯಂತ್ರದ ಸದ್ದು, ಇಷ್ಟು ನನಗೆ ಗೊತ್ತಿತ್ತು. ನಾನೆಂದೂ ನೋಡದ ಆ ಬೀದಿಯಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನಡೆದುಬಿಡುತ್ತಿದ್ದೆ. ಟೈಲರ್ ಹತ್ತಿರ ಅಂಗಡಿಯವರ ಮಾತು ಇನ್ನಷ್ಟು ಉದ್ದವಾಗಲಿ ಎಂದು ಬೇಡಿಕೊಂಡ ವಾರಗಳಿಗೆ ಲೆಕ್ಕವಿಲ್ಲ. ಆ ನಡುವೆ ನನ್ನನ್ನು ನೋಡಲು ಗಂಡುಗಳು ಬಂದರು. ಮದುವೆಯಾಗದಿದ್ದುದಕ್ಕೆ ಈ ದನಿಯೇ ಕಾರಣ ಅಂದರೆ ಸುಳ್ಳಾದೀತು. ಆದರೆ ಬಂದವರಲ್ಲಿ ಒಬ್ಬರ ದನಿಯೂ ನನಗೆ ಹಿಡಿಸಲಿಲ್ಲ.

ಆಮೇಲೆ ಬೋರ್ಡುಗಳನ್ನು ಕಿತ್ತು ಯಂತ್ರ ಕೂರಿಸುತ್ತಾರೆ, ಜನ ತಾವೇ ನಂಬರ್ ತಿರುಗಿಸಬಹುದು ಎಂಬ ಆದೇಶ ಬಂತು. ಕೊನೆಯ ಶುಕ್ರವಾರ ನಾನೇ ಅವರಿಗೆ ಹೇಳಿದೆ. ಅವರು ನಾಯಿ ಇರುವ ಮನೆಯ ಹತ್ತಿರವೇ ಸುಮ್ಮನಾದರು. ಟೈಲರ್ ಅಂಗಡಿ ದಾಟುವಷ್ಟು ಹೊತ್ತಾದ ಮೇಲೆ ಒಂದೇ ಉಸಿರಿಗೆ ಹೇಳಿದರು, "ವರ್ಷದ ಕೊನೇ ಶನಿವಾರ ಮಧ್ಯಾಹ್ನ ನಾನು ಸ್ಟೇಷನ್ ಎದುರಿನ ಹೋಟೆಲಲ್ಲಿ ಟೀ ಕುಡೀತೀನಿ. ನೀವೂ ಬನ್ನಿ."

"ಹಲೋ," ಅಂದರು ಅಕ್ಕ.

ದೊಡ್ಡಕ್ಕ ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಮಾತು ಕೇಳಿಸುವ ಕೀ ಮುಚ್ಚಿ ಲೈನಿನಿಂದ ಹೊರಬಂದೆ, ಗಡಿಯಾರ ಒತ್ತಿದೆ. ಮೂರು ನಿಮಿಷಕ್ಕೆ ಸರಿಯಾಗಿ ವೈರು ಕಿತ್ತೆ. ಬರುತ್ತೇನೆ ಎಂದು ಒಂದು ಮಾತು ಹೇಳಲಿಲ್ಲ. ಆ ನಿಯಮನಿಷ್ಠೆಗೆ ನನ್ನನ್ನು ನಾನು ಇಪ್ಪತ್ತಮೂರು ವರ್ಷದಿಂದ ಬೈದುಕೊಂಡಿದ್ದೇನೆ.

ಮೊದಲ ಮೂರು ವರ್ಷ ಹೋಟೆಲಿನ ಬಾಗಿಲವರೆಗೆ ಬಂದು ತಿರುಗಿ ಹೋದೆ. ಒಂದು ಸಲ ನಾನೂರ ಎಪ್ಪತ್ತೆರಡಕ್ಕೆ ಫೋನ್ ಕೂಡ ಮಾಡಿದೆ. ಯಂತ್ರ ಬಂದ ಮೇಲೆ ಆ ಊರಿನ ನಂಬರುಗಳೆಲ್ಲ ಬದಲಾಗಿದ್ದವು. ನಾಲ್ಕನೆಯ ವರ್ಷ ಇವರಿಬ್ಬರನ್ನೂ ಕಟ್ಟಿಕೊಂಡು ಮೇಲೆ ಹತ್ತಿದೆ. ಅಂದಿನಿಂದ ಪ್ರತಿವರ್ಷ ಕಿಟಕಿಗೆ ಮುಖ ಮಾಡಿ, ಕಣ್ಣು ಮುಚ್ಚಿ, ಬೆನ್ನ ಹಿಂದಿನ ಅಷ್ಟೂ ಮಾತುಗಳಲ್ಲಿ ಅದೊಂದನ್ನು ಹುಡುಕುತ್ತೇನೆ. ತಿರುಗಿ ಮುಖಗಳನ್ನು ನೋಡಿ ಏನು ಪ್ರಯೋಜನ? ಮುಖ ನನಗೆ ಗೊತ್ತೇ ಇರಲಿಲ್ಲ.

"ನಮ್ಮ ಮೂರು ನಿಮಿಷಕ್ಕೆ ನಿದ್ದೆ ಬಂತು ನೋಡಿ," ಎಂದಳು ಗುಬ್ಬಿ. "ಏಳೇ, ಟೀ ಆರತ್ತೆ. ಅಲ್ಲಿ ನೋಡು, ಚೀಟಿ ಯಜಮಾನ್ರನ್ನ ಎಬ್ಬಿಸ್ತಿದಾರೆ, ಪಾಪ."

ಚೀಟಿ ಯಜಮಾನರು ಅಂದರೆ ಕಂಬದ ಪಕ್ಕದ ಮೇಜಿನವರು. ನಾವು ಬರತೊಡಗಿದಂದಿನಿಂದಲೂ ಅವರು ಅಲ್ಲೇ. ಎತ್ತರದ ಆಳು, ಒತ್ತಾಗಿ ಬಾಚಿದ ಬಿಳಿಗೂದಲು. ಮಾತಾಡುವುದಿಲ್ಲ, ಬೇಕಾದ್ದನ್ನು ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸುತ್ತಾರೆ. ಮಾತು ಬಾರದವರಿರಬೇಕು ಎಂದು ಗುಬ್ಬಿ ಮೊದಲ ವರ್ಷವೇ ತೀರ್ಮಾನಿಸಿ ಆ ಹೆಸರಿಟ್ಟಿದ್ದಳು. ದನಿ ಇಲ್ಲದವರತ್ತ ನನ್ನ ಗಮನ ಹೋಗಲು ಕಾರಣವೇ ಇರಲಿಲ್ಲ.

ಕಿಟಕಿಯ ಗಾಜಿನಲ್ಲಿ ಹಿಂದಿನದೆಲ್ಲ ಮಸುಕಾಗಿ ಕಾಣುತ್ತಿತ್ತು. ಎಂಟು ಹತ್ತು ಜನರ ಗುಂಪೊಂದು ಬಂದು ಮೇಜು ಜೋಡಿಸಲು ಕೇಳುತ್ತಿತ್ತು. ಹೊಸದಾಗಿ ಸೇರಿದ ಬಡಿಸುವ ಹುಡುಗಿ ಚೀಟಿ ಯಜಮಾನರ ತಟ್ಟೆಯನ್ನು ಎತ್ತಿಕೊಂಡು ಮೂಲೆಯ ಮೇಜು ತೋರಿಸುತ್ತಿದ್ದಳು. ಅವರು ಏನೋ ಬರೆದರು. ಅವಳು ಓದುವ ಪುರುಸೊತ್ತಿಲ್ಲದೆ ಕಪ್ಪಿಗೂ ಕೈ ಹಾಕಿದಳು.

"ಇಲ್ಲಮ್ಮ, ನಾನು ಏಳಲ್ಲ. ಕಂಬದ ಪಕ್ಕದ ಮೇಜಲ್ಲಿ ಇರ್ತೀನಿ ಅಂತ ಒಬ್ಬರಿಗೆ ಹೇಳಿದೀನಿ."

ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ಸಮನಾದ ಏರಿಳಿತ ಇರಲಿಲ್ಲ. ಜನ ತಿರುಗಿ ನೋಡಿದರು. ಆದರೆ 'ಒಬ್ಬರಿಗೆ' ಅನ್ನುವಾಗ ಸ್ವಲ್ಪ ತಡೆದದ್ದು, 'ಹೇಳಿದೀನಿ' ಅನ್ನುವಾಗ ಒಳಗೆಲ್ಲೋ ನಕ್ಕ ಹಾಗಿದ್ದದ್ದು, ಅದು ಬೇರೆ ಯಾರದೂ ಆಗಲು ಸಾಧ್ಯವಿಲ್ಲ. ಇಪ್ಪತ್ತು ವರ್ಷ ನಾನು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು, ಅವರಿಗೇ ಬೆನ್ನು ಹಾಕಿ, ಅವರನ್ನು ಹುಡುಕಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿದ್ದರೆ ತೋರಿಸಿ.

ಏಳಬೇಕು. ಆದರೆ ಅರವತ್ತೊಂದು ವರ್ಷದ ಹೆಂಗಸು ಹೋಗಿ ಏನೆಂದು ಹೇಳುವುದು? ಅವರಾದರೂ ಕಾಯುತ್ತಿರುವುದು ನನ್ನನ್ನೇ ಎಂದು ಏನು ಗ್ಯಾರಂಟಿ?

ಆಗ ದೊಡ್ಡಕ್ಕ ಕೆಮ್ಮಿದರು. ನನ್ನ ಬೆನ್ನು ನೆಟ್ಟಗಾಯಿತು.

"ಹದಿನೇಳು," ಅಂದರು, ಕಿಟಕಿಯ ಕಡೆ ನೋಡುತ್ತಲೇ, ಆ ಹಳೆಯ ಗಡಸು ದನಿಯಲ್ಲಿ. "ಲೈನ್ ತಗೋ."

ನಾನು ಅವರ ಮುಖ ನೋಡಿದೆ.

"ಸೂಪರ್‌ವೈಸರ್ ಮೇಜಿಂದ ಯಾವ ಲೈನ್ ಬೇಕಾದ್ರೂ ಕೇಳ್ಬಹುದಿತ್ತು, ಮರೆತ್ಯಾ?" ಎಂದರು ಮೆತ್ತಗೆ. "ಆರು ವರ್ಷ ನಾನೂ ಆ ನಾಯಿ ಮನೆ ದಾಟಿದೀನಿ ಕಣೇ. ಇಪ್ಪತ್ತೆರಡು ಮೆಟ್ಟಿಲು ಸುಮ್ಮನೆ ಹತ್ತಿದೆ ಅಂದ್ಕೊಂಡ್ಯಾ? ಹೋಗು."

"ಯಾವ ನಾಯಿ? ಯಾವ ಮನೆ?" ಎಂದು ಗುಬ್ಬಿ ಕೇಳುತ್ತಿದ್ದಳು. ನಾನು ಎದ್ದಿದ್ದೆ.

ಹತ್ತು ಹೆಜ್ಜೆ. ಬಡಿಸುವ ಹುಡುಗಿ ತಟ್ಟೆಯನ್ನು ವಾಪಸ್ ಇಟ್ಟು ಹೋಗಿದ್ದಳು. ನಾನು ಅವರ ಮೇಜಿನ ಮುಂದೆ ನಿಂತು, ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. "ಹದಿನೇಳು ಮಾತಾಡ್ತಿರೋದು. ಯಾವ ನಂಬರ್ ಬೇಕು?"

ಅವರು ತಲೆಯೆತ್ತಿ ಮರ್ಯಾದೆಯಿಂದ ನಕ್ಕರು. ಅಪರಿಚಿತರಿಗೆ ನಗುವ ನಗು. ಪುಟ್ಟ ಪುಸ್ತಕವನ್ನು ನನ್ನ ಕಡೆ ಸರಿಸಿ ಹೇಳಿದರು.

"ತಪ್ಪು ತಿಳೀಬೇಡಿ, ನನಗೆ ಕಿವಿ ಕೇಳಲ್ಲ. ಯಂತ್ರದ ಪಕ್ಕ ಕೂತು ಕೂತು ಹೋಯ್ತು, ಇಪ್ಪತ್ತೊಂದು ವರ್ಷ ಆಯ್ತು. ನನ್ನ ದನಿ ಎಷ್ಟು ಜೋರಿದೆ ಅಂತ ನನಗೇ ಗೊತ್ತಾಗಲ್ಲ, ಅದಕ್ಕೆ ಮಾತೂ ಕಮ್ಮಿ. ಏನು ಬೇಕಿತ್ತು, ಬರೀರಿ."

ನಾನು ಅವರ ಪಾಲಿಗೆ ದನಿಯಷ್ಟೇ ಆಗಿದ್ದೆ. ಆ ದನಿ ಅವರಿಗೆ ಇನ್ನು ಕೇಳುವುದಿಲ್ಲ. ಮೊದಲ ಎರಡು ವರ್ಷ ಬಾಗಿಲಿಂದ ತಿರುಗಿ ಹೋಗದೆ ಮೇಲೆ ಹತ್ತಿದ್ದರೆ ಕೇಳುತ್ತಿತ್ತು. ಪೆನ್ಸಿಲು ತೆಗೆದುಕೊಂಡು ನಾನೂರ ಎಪ್ಪತ್ತೆರಡು ಎಂದು ಬರೆದೆ. ಅದರ ಕೆಳಗೆ ಹದಿನೇಳು ಎಂದು ಬರೆದೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಕಂಬದ ಪಕ್ಕ ಅಂದಿದ್ದೆನಲ್ಲ," ಎಂದರು. ದನಿ ಈಗ ಸಣ್ಣಗಿತ್ತು.

ನಾನು ಬರೆದೆ: 'ಅದು ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಕೀ ಮುಚ್ಚಿಬಿಟ್ಟಿದ್ದೆ.'

"ಅಯ್ಯೋ, ಹಾಗಾದ್ರೆ ಅಕ್ಕನಿಗೆ ಮಾತ್ರ ಕೇಳಿಸ್ತು ಅನ್ನಿ. ಯಾವ ಕಂಬವೋ, ಯಾರಿಗೋ ಹೇಳಿದ್ದು ಅಂತ ಸಾಯೋವರೆಗೂ ರೇಗಿಸ್ತಾ ಇದ್ಲು." ಅವರು ಟೀ ಕಪ್ಪನ್ನು ಸುಮ್ಮನೆ ತಿರುಗಿಸಿದರು. "ಅಕ್ಕ ಹೋಗಿ ಆರು ವರ್ಷ ಆಯ್ತು. ನಾನೇನು ಕಾಯ್ತಾ ಕೂತಿದ್ದೆ ಅಂತಲ್ಲ, ಟೀಗೆ ಬರ್ತಿದ್ದೆ. ಮೇಜು ಮಾತ್ರ ಬದಲಾಯಿಸ್ಲಿಲ್ಲ."

ಹೇಳಬೇಕೆಂದು ಕೂಡಿಟ್ಟದ್ದೆಲ್ಲ ಬಾಯಿಂದ ಹೇಳುವ ಮಾತುಗಳು, ಬರೆದರೆ ಯಾವುದೋ ಅರ್ಜಿಯ ಹಾಗೆ ಕಾಣುತ್ತಿತ್ತು. ಕಿಟಕಿಯ ಕಡೆ ನೋಡಿದೆ. ಆ ಇಬ್ಬರೂ ಬೆನ್ನು ಹಾಕಿ ಕೂತಿದ್ದರು, ಗುಬ್ಬಿಯ ತಲೆಯನ್ನು ದೊಡ್ಡಕ್ಕ ಕೈಯಲ್ಲಿ ಹಿಡಿದು ರಸ್ತೆಯ ಕಡೆಗೇ ತಿರುಗಿಸಿಟ್ಟಿದ್ದರು. ನಾನು ಕೊನೆಗೆ ಎರಡೇ ಪದ ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ.

'ಈಗ ಎಲ್ಲಿದ್ದಾರೆ?'

ಅವರು ಅದನ್ನು ಓದಿದರು. ಎದ್ದು ಎದುರಿನ ಕುರ್ಚಿಯನ್ನು ಎತ್ತಿ ತಮ್ಮ ಪಕ್ಕದಲ್ಲಿಟ್ಟರು. ನಾನು ಕೂತೆ.

"ಈಗ ತಾನೇ," ಎಂದರು, "ಅಂಗಡಿ ಮೆಟ್ಟಿಲು ಇಳಿದಿದಾರೆ."